ಸುಮ್ಮನಿರು ಎನ್ನುವ ಬದಲು ಜೊತೆಗೆ ಬಾ ಎನ್ನೋಣ

ಯುವ ದಂಪತಿಗಳ ಕೂಟದಲ್ಲಿ ಹಂಚಿಕೊಂಡ ಪಾಠದ ಬರಹ ರೂಪ
ವಾಕ್ಯಭಾಗ: ಧರ್ಮೋಪದೇಶಕಾಂಡ 6:7, ಮಾರ್ಕ 10:13–16, 1 ಸಮುವೇಲ 1:21–24

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯಿಂದ ಈ ಮಳೆಯಲ್ಲೂ ಮಕ್ಕಳನ್ನು ರೈನ್‌ಕೋಟಲ್ಲಿ ಸುತ್ತಿಕೊಂಡು ಬಂದಿದ್ದೀರಿ. ಹಿಂದಿನ ಸಾಲಲ್ಲಿ ಒಬ್ಬ ಪುಟ್ಟ ಸಹೋದರ ಈಗಾಗಲೇ ಕುರ್ಚಿ ಕೆಳಗೆ ಹೋಗಿದ್ದಾನೆ. ಪರವಾಗಿಲ್ಲ, ಬಿಡಿ. ಇವತ್ತಿನ ಪಾಠ ಅವನದ್ದೇ.

ಸ್ವಲ್ಪ ದಿನಗಳ ಹಿಂದೆ ಆರಾಧನೆ ಮುಗಿದ ಮೇಲೆ ಒಬ್ಬ ಸಹೋದರಿ ಬಂದು ನಿಂತರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ. ಗಂಡ ಗಲ್ಫಿನಲ್ಲಿ ಕೆಲಸದಲ್ಲಿದ್ದಾರೆ. ಇವರು ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ, ಎರಡು ವರ್ಷದ ಮಗನ ಜೊತೆ. ಮಗ ಬೆಳಿಗ್ಗೆ ಆರಕ್ಕೆ ಎದ್ದರೆ ರಾತ್ರಿ ಮಲಗುವವರೆಗೆ ಒಂದು ಕಡೆ ನಿಲ್ಲುವುದಿಲ್ಲ. "ಪಾಸ್ಟರ್, ನಿನ್ನೆ ಅವನಿಗೆ ಜೋರಾಗಿ ಹೊಡೆದೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಪ್ರಾರ್ಥನೆಗೆ ಕೂತರೆ ಬೆನ್ನ ಮೇಲೆ ಹತ್ತುತ್ತಾನೆ. ನಾನು ಒಳ್ಳೆ ತಾಯಿ ಅಲ್ಲ ಅನ್ಸುತ್ತೆ" ಅಂದರು.

ನಾನು ಪ್ರಾರ್ಥನೆ ಮಾಡಿದೆ. ಆದರೆ ಬುದ್ಧಿ ಹೇಳಲಿಲ್ಲ. ಯಾಕೆಂದರೆ ಹೇಳುವ ಯೋಗ್ಯತೆ ನನಗೂ ಇರಲಿಲ್ಲ.

ನನ್ನ ಸಾಕ್ಷಿ ಕೇಳಿ. ನನ್ನ ಹೆಂಡತಿ ನರ್ಸ್, ಹೆಚ್ಚಾಗಿ ಡೇ ಡ್ಯೂಟಿ. ನಾನು ಒಂದು ಅಂಗಡಿಯ ಲೆಕ್ಕಪತ್ರವನ್ನು ಮನೆಯಲ್ಲೇ ಕೂತು ಬರೆಯುವವನು. ಹಾಗಾಗಿ ವಾರದಲ್ಲಿ ನಾಲ್ಕು ದಿನ ಹಗಲಿಡೀ ಮಗ ನನ್ನ ಪಾಲಿಗೆ. ಆಗ ಅವನಿಗೆ ಎರಡು ವರ್ಷ ನಾಲ್ಕು ತಿಂಗಳು. ಜುಲೈ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಮಳೆ. ನಾನು ಭಾನುವಾರದ ಪ್ರಸಂಗಕ್ಕೆ ತಯಾರಿ ಮಾಡುತ್ತಿದ್ದೆ. ವಾಕ್ಯಭಾಗ ಯಾವುದು ಗೊತ್ತಾ? ಮಾರ್ಕ 10. ಮಕ್ಕಳನ್ನು ಯೇಸುವಿನ ಬಳಿಗೆ ತಂದವರನ್ನು ಶಿಷ್ಯರು ಗದರಿಸಿದ ಭಾಗ.

ಮಗ ಅಡ್ಡ ಬರಬಾರದು ಅಂತ ಕೈಗೆ ಮೊಬೈಲ್ ಕೊಟ್ಟೆ. ಒಂದೂವರೆ ಗಂಟೆ ಮನೆ ನಿಶ್ಶಬ್ದ. ಚಾರ್ಜ್ ಮುಗಿಯಿತು. ಅವನು ಬಂದು ಅಂಗಿ ಎಳೆದ, "ಪಪ್ಪ, ಬಾ." ಈಗ ಬೇಡ ಅಂದೆ. ಮತ್ತೆ ಎಳೆದ. ಮೂರನೇ ಸಲ ಟೀ ಲೋಟ ಬಿತ್ತು, ನೋಟ್‌ಬುಕ್ ಒದ್ದೆ ಆಯ್ತು. ನಾನು ಅವನ ಕೈಗೆ ಹೊಡೆದೆ. ಅವನು ಕೂಡಲೇ ಅಳಲಿಲ್ಲ. ಮೊದಲು ನನ್ನ ಮುಖ ನೋಡಿದ, ಆಮೇಲೆ ಅತ್ತ. ಆ ನೋಟ ನನಗೆ ಈಗಲೂ ಮರೆತಿಲ್ಲ. ಶಿಷ್ಯರು ಮಾಡಿದ ತಪ್ಪಿನ ಬಗ್ಗೆ ಬರೆಯುತ್ತಾ ನಾನು ಅದೇ ತಪ್ಪು ಮಾಡಿದ್ದೆ. ಆ ಭಾಗವನ್ನು ಗಮನಿಸಿ: ಯೇಸು ಸ್ವಾಮಿ ಕೋಪಗೊಂಡದ್ದು ಗಲಾಟೆ ಮಾಡಿದ ಮಕ್ಕಳ ಮೇಲಲ್ಲ, ಅವರನ್ನು ದೂರ ಇಡಲು ನೋಡಿದ ದೊಡ್ಡವರ ಮೇಲೆ. ಆಮೇಲೆ ಮಕ್ಕಳನ್ನು ಅಪ್ಪಿಕೊಂಡರು.

ಆ ರಾತ್ರಿ ಬೈಂದೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ. "ಮಗಾ, ಸಣ್ ಮಕ್ಳನ್ನ್ ಸುಮ್ನೆ ಕೂರ್ಸುಕೆ ಆತ್ತಾ? ಅವ್ನಿಗೂ ಒಂದ್ ಕೆಲ್ಸ ಕೊಡ್ ಕಾಂಬ" ಅಂದರು. ಬೈಬಲ್ ಕಾಲೇಜಿನ ಡಿಪ್ಲೊಮಾದಲ್ಲಿ ಕಲಿಯದ ಪಾಠ ಅದು. ಇವತ್ತು ನಿಮಗೆ ಹೇಳಬೇಕಾದದ್ದೂ ಅದೊಂದೇ: ಮಗುವನ್ನು ಸುಮ್ಮನಿರಿಸುವ ದಾರಿ ಹುಡುಕಬೇಡಿ, ನಿಮ್ಮ ದಿನದೊಳಗೆ ಅದನ್ನು ಸೇರಿಸಿಕೊಳ್ಳುವ ದಾರಿ ಹುಡುಕಿ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ

ಓಡುವ ಮಗು ಹಟಮಾರಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಕೊಟ್ಟಿತು. ಒಂದು ವರ್ಷ ದಾಟಿದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಒಂದೇ ಸಲಕ್ಕೆ ಅಲ್ಲ, ದಿನವಿಡೀ ಹಂಚಿ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಕಡೆ ಕಟ್ಟಿ ಕೂರಿಸಬಾರದು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು.

ಅಂದರೆ ಮೂರು ಗಂಟೆ ಓಡುವುದು, ಹತ್ತುವುದು, ಎಳೆಯುವುದು ಆ ದೇಹದ ಅಗತ್ಯ. ಹಳೆ ಮನೆಗಳಲ್ಲಿ ಜಗಲಿ ಇತ್ತು, ಅಂಗಳ ಇತ್ತು, ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆ ಮಕ್ಕಳು ಇದ್ದರು. ಈಗ ನಮಗೆ ಎರಡು ರೂಮಿನ ಮನೆ, ಒಬ್ಬರೇ ದೊಡ್ಡವರು. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ನಾಲ್ಕು ತಿಂಗಳು ಆ ಮೂರು ಗಂಟೆಯನ್ನು ಮನೆಯೊಳಗೇ ಕಳೆಯಬೇಕು. ಕಷ್ಟ ಅನ್ನಿಸಿದರೆ ಅದು ನಿಮ್ಮ ವಿಶ್ವಾಸದ ಕೊರತೆ ಅಲ್ಲ, ನಿಜವಾಗಿಯೂ ಕಷ್ಟವೇ.

ಧರ್ಮೋಪದೇಶಕಾಂಡ 6:7ರಲ್ಲಿ ಮಕ್ಕಳಿಗೆ ಕಲಿಸುವುದಕ್ಕೆ ಪ್ರತ್ಯೇಕ ಕ್ಲಾಸ್ ಹೇಳಿಲ್ಲ. ನಾಲ್ಕು ಹೊತ್ತು ಹೇಳಿದೆ: ಏಳುವ ಹೊತ್ತು, ಮನೆಯಲ್ಲಿ ಕೂತಿರುವ ಹೊತ್ತು, ದಾರಿ ನಡೆಯುವ ಹೊತ್ತು, ಮಲಗುವ ಹೊತ್ತು. ಹೇಗೂ ಬರುವ ಹೊತ್ತುಗಳೇ ಪಾಠದ ಹೊತ್ತುಗಳು. ಅದೇ ಕ್ರಮದಲ್ಲಿ ನೋಡೋಣ.

1. ಏಳುವ ಹೊತ್ತು: ಮೊದಲು ಮೈ ದಣಿಯಲಿ

ನಾವು ಮಾಡುವ ತಪ್ಪು ಏನಂದ್ರೆ, ಬೆಳಿಗ್ಗೆ ನಮ್ಮ ಕೆಲಸ ಮುಗಿಯಲಿ ಅಂತ ಮೊದಲೇ ಟಿವಿ ಹಾಕಿಬಿಡ್ತೀವಿ. ಮಗುವಿನ ಶಕ್ತಿ ಹಾಗೇ ಉಳಿಯುತ್ತದೆ. ಹನ್ನೊಂದು ಗಂಟೆಗೆ ಅದು ಸೋಫಾ ಮೇಲಿಂದ ಹಾರುತ್ತದೆ. ಕ್ರಮ ತಿರುಗಿಸಿ. ಮೊದಲ ಅರ್ಧ ಗಂಟೆ ಮೈಗೆ ಕೊಡಿ.

ಅಂಗಳ ಇರುವವರಿಗೆ ಅಡಿಕೆ ಹಾಳೆ ಇದೆ. ಹಾಳೆ ಮೇಲೆ ಕೂರಿಸಿ ಎಳೆಯುವ ಆಟ ನಾವೆಲ್ಲ ಆಡಿದ್ದೇ. ಫ್ಲಾಟಿನವರು ಹಳೆ ಬೆಡ್‌ಶೀಟ್ ಮೇಲೆ ಕೂರಿಸಿ ನಯವಾದ ನೆಲದ ಮೇಲೆ ನಿಧಾನ ಎಳೆಯಿರಿ. ಆಮೇಲೆ ಅವನು ಎಳೆಯಲಿ: ಬೆಡ್‌ಶೀಟ್ ಮೇಲೆ ಎರಡು ದಿಂಬು ಇಟ್ಟು ಆ ರೂಮಿಂದ ಈ ರೂಮಿಗೆ "ಲಾರಿ" ತರಲಿ. ಹಾಸಿಗೆ, ದಿಂಬು ನೆಲದ ಮೇಲೆ ಸಾಲಾಗಿ ಹಾಕಿದರೆ ಹತ್ತಿ ಇಳಿಯುವ ಗುಡ್ಡ. ದೊಡ್ಡ ರಟ್ಟಿನ ಡಬ್ಬ ಸಿಕ್ಕರೆ ಬಿಸಾಡಬೇಡಿ. ಎರಡೂ ಕಡೆ ತೆರೆದರೆ ಸುರಂಗ, ಒಂದು ಕಡೆ ಮುಚ್ಚಿದರೆ ಮನೆ. ನಮ್ಮನೆಯಲ್ಲಿ ಫ್ಯಾನ್ ಬಂದ ಒಂದು ಡಬ್ಬ ಮೂರು ವಾರ ಬಾಳಿತು. ಹಾಡು ಹಾಕಿ ಕುಣಿಯಿರಿ, ನಿಲ್ಲಿಸಿದಾಗ ನಿಲ್ಲುವ ಆಟ ಆಡಿ. ನಿಲ್ಲುವುದನ್ನು ಕಲಿಯಲೂ ಮಗುವಿಗೆ ಅಭ್ಯಾಸ ಬೇಕು.

2. ಮನೆಯಲ್ಲಿ ಕೂತಿರುವ ಹೊತ್ತು: ಕೈಗೆ ಕೆಲಸ

ಅಮ್ಮ ಹೇಳಿದ ಮರುದಿನ ನಾನು ಸಾರಿಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಒಂದು ಗಡ್ಡೆ ಅವನ ಮುಂದೆ ಇಟ್ಟೆ. ಇಪ್ಪತ್ತು ನಿಮಿಷ ಕೂತ! ಬಿಡಿಸಿದ್ದು ಎರಡೇ ಎಸಳು. ಸಿಪ್ಪೆ ಅಡುಗೆಮನೆಯಿಡೀ. ಆದರೆ ಹೆಂಡತಿ ಬಂದಾಗ ಬಾಗಿಲಿಗೆ ಓಡಿ "ಅಮ್ಮ, ನಾನು" ಅಂತ ಬೆಳ್ಳುಳ್ಳಿ ತೋರಿಸಿದ. ಇಪ್ಪತ್ತು ಆಟಿಕೆ ಕೊಡದ ಸಂತೋಷ ಅದು.

ಎರಡು ವರ್ಷದ ಮಗುವಿಗೆ ಆಟ, ಕೆಲಸ ಅಂತ ಬೇರೆ ಬೇರೆ ಇಲ್ಲ. ನೀವು ಮಾಡುವುದೇ ಅದಕ್ಕೆ ದೊಡ್ಡ ಆಟ. ಹಾಗಾಗಿ ಪ್ರತಿ ಕೆಲಸದಲ್ಲೂ ಒಂದು ತುಂಡು ಕೊಡಿ:

ಚಪಾತಿ ಮಾಡುವಾಗ ಒಂದು ಉಂಡೆ ಹಿಟ್ಟು, ಒಂದು ಮುಚ್ಚಳ. ಒತ್ತಲಿ, ಹರಿಯಲಿ.

ಸ್ಟೀಲ್ ಡಬ್ಬಗಳು, ಅವುಗಳ ಮುಚ್ಚಳಗಳು. ಯಾವುದಕ್ಕೆ ಯಾವುದು ಅಂತ ಹುಡುಕಲಿ.

ಗೆರಸೆಯಲ್ಲಿ ಒಂದು ಹಿಡಿ ಕುಚ್ಚಲಕ್ಕಿ, ಎರಡು ಗೆರಟೆ, ಒಂದು ಚಮಚ. ಇದರಿಂದ ಅದಕ್ಕೆ ತುಂಬಲಿ. ಚೆಲ್ಲಿದ್ದನ್ನು ಹೆಕ್ಕುವುದೂ ಆಟವೇ.

ಮಳೆಗಾಲದಲ್ಲಿ ಒಣಗದ ಬಟ್ಟೆ ಹೇಗೂ ಮನೆಯೊಳಗೇ ಇರುತ್ತದೆ. ಕ್ಲಿಪ್ ಕೊಡುವ ಕೆಲಸ ಅವನದ್ದು. ಸಾಕ್ಸ್ ಜೋಡಿ ಮಾಡುವುದು ಅವಳದ್ದು.

ಮಧ್ಯಾಹ್ನ ರಗಳೆ ಜಾಸ್ತಿ ಆದಾಗ ನೀರು. ಅಗಲ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು, ಎರಡು ಲೋಟ, ಒಂದು ಜಾಲರಿ. ಆದರೆ ನೀವು ಪಕ್ಕದಲ್ಲೇ ಕೂತಿರಬೇಕು, ಎದ್ದು ಹೋಗುವಾಗ ನೀರು ಚೆಲ್ಲಿಯೇ ಹೋಗಬೇಕು.

ಆಟಿಕೆ ಕಡಿಮೆ ಸಾಕು. ಇರುವುದರಲ್ಲಿ ಅರ್ಧ ಚೀಲಕ್ಕೆ ಹಾಕಿ ಅಟ್ಟದ ಮೇಲಿಡಿ. ವಾರಕ್ಕೊಮ್ಮೆ ಬದಲಿಸಿ. ಹಳೆಯದೇ ಹೊಸದಾಗಿ ಬರುತ್ತದೆ.

ಮನೆಯಿಂದ ಲ್ಯಾಪ್‌ಟಾಪಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಮೀಟಿಂಗಿಗೆ ಮುಂಚೆ ಹತ್ತು ನಿಮಿಷ ಫೋನ್ ಬದಿಗಿಟ್ಟು ಪೂರ್ತಿ ಮಗುವಿನ ಜೊತೆ ನೆಲದ ಮೇಲೆ ಕೂರಿ. ಹೊಟ್ಟೆ ತುಂಬಿದ ಮಗು ಹೇಗೆ ಸುಮ್ಮನೆ ಆಡುತ್ತದೋ, ಹಾಗೆ ನಿಮ್ಮಿಂದ ತುಂಬಿದ ಮಗುವೂ ಸ್ವಲ್ಪ ಹೊತ್ತು ತಾನೇ ಆಡುತ್ತದೆ. ನನ್ನ ಅನುಭವದಲ್ಲಿ ಹತ್ತು ನಿಮಿಷ ಕೊಟ್ಟರೆ ಇಪ್ಪತ್ತು ನಿಮಿಷ ಸಿಗುತ್ತದೆ. ಎರಡು ಗಂಟೆ ಸಿಗುವುದಿಲ್ಲ, ಆ ಆಸೆ ಬಿಡಿ.

3. ದಾರಿ ನಡೆಯುವ ಹೊತ್ತು: ನಿಧಾನ ನಡೆಯಿರಿ

ಮಳೆ ಬಿಟ್ಟ ಹೊತ್ತಲ್ಲಿ ಹಾಲಿಗೆ ಹೋಗುವಾಗ ಕರೆದುಕೊಂಡು ಹೋಗಿ. ಎತ್ತಿಕೊಳ್ಳಬೇಡಿ, ನಡೆಸಿ. ಐದು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಲಿ. ಬಸವನಹುಳು, ಕಪ್ಪೆ, ಗೋಡೆಯ ಪಾಚಿ, ಮೀನಿನ ಗಾಡಿ. ಪ್ರತಿಯೊಂದಕ್ಕೂ ಹೆಸರು ಹೇಳಿ, ನಿಮ್ಮ ಮನೆ ಭಾಷೆಯಲ್ಲೇ ಹೇಳಿ. ಕುಂದಾಪ್ರ ಕನ್ನಡವಾಗಲಿ, ಕೊಂಕಣಿಯಾಗಲಿ, ತುಳುವಾಗಲಿ. ಇಂಗ್ಲಿಷ್ ಶಾಲೆಯಲ್ಲಿ ಬರುತ್ತದೆ. ಎರಡು ವರ್ಷಕ್ಕೆ ಬೇಕಾದದ್ದು ಮುಖ ನೋಡಿ ಮಾತಾಡುವ ಒಬ್ಬ ಮನುಷ್ಯ.

ಇದೇ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ದೊಡ್ಡ ಕಾದಂಬರಿಕಾರರು ಅಂತ ನಮಗೆ ಗೊತ್ತು. ಅವರು ಮಕ್ಕಳಿಗಾಗಿ "ಬಾಲ ಪ್ರಪಂಚ" ಬರೆದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟದ ಮೂಲಕ, ಪ್ರಕೃತಿಯ ಮೂಲಕ ಕಲಿಸುವ ಪ್ರಯೋಗ ಮಾಡಿದರು. ಅಷ್ಟು ದೊಡ್ಡ ಬರಹಗಾರರಿಗೆ ಮಕ್ಕಳ ಜೊತೆ ಕಳೆದ ಹೊತ್ತು ದಂಡ ಅನ್ನಿಸಲಿಲ್ಲ. ನಮಗೆ ಯಾಕೆ ಅನ್ನಿಸಬೇಕು?

ಮಳೆಗಾಲ ಕಳೆದ ಮೇಲೆ ಕೋಡಿ ಬೀಚ್, ಮರವಂತೆ, ಬೈಂದೂರಿನವರಿಗೆ ಸೋಮೇಶ್ವರ ಇದ್ದೇ ಇದೆ. ಒಂದು ಬಕೆಟ್, ಒಂದು ಚಮಚ, ಒಣ ಮರಳು ಸಾಕು. ಮಳೆಗಾಲದಲ್ಲಿ ಮಾತ್ರ ದಯವಿಟ್ಟು ನೀರಿನ ಹತ್ತಿರ ಹೋಗಬೇಡಿ. ಜೆಕರ್ಯ 8:5ರಲ್ಲಿ ದೇವರು ಪುನಃ ಕಟ್ಟುವ ಪಟ್ಟಣದ ಗುರುತು ಏನು? ಬೀದಿಗಳಲ್ಲಿ ಆಡುವ ಹುಡುಗ ಹುಡುಗಿಯರು. ಮಕ್ಕಳ ಆಟ ದೇವರಿಗೆ ತೊಂದರೆ ಅಲ್ಲ, ಆಶೀರ್ವಾದದ ಲಕ್ಷಣ. ಆಮೆನ್ ಹೇಳಬಹುದಾ?

4. ಮಲಗುವ ಹೊತ್ತು: ದಿನಾ ಒಂದೇ ಕ್ರಮ

ಊಟ, ಮುಖ ತೊಳೆಯುವುದು, ದೀಪ ಕಡಿಮೆ ಮಾಡುವುದು, ಒಂದು ಕಥೆ, ಒಂದು ಸಣ್ಣ ಪ್ರಾರ್ಥನೆ. ದಿನಾ ಇದೇ ಕ್ರಮ ಇರಲಿ. ಕಥೆಯನ್ನು ಹತ್ತು ಸಲ ಕೇಳಿದರೂ ಹತ್ತು ಸಲ ಹೇಳಿ. ನೋಹನ ನಾವೆಯೊಳಗೆ ಹೋದ ಪ್ರಾಣಿಗಳ ಕೂಗು ಹಾಕಿಸಿ. ಮಲಗುವ ಮುಂಚೆ ಸ್ಕ್ರೀನ್ ಬೇಡ. ಹಗಲು ಮಗು ಮಲಗಿದಾಗ, ತಾಯಂದಿರೇ, ಪಾತ್ರೆ ಇರಲಿ, ಫೋನೂ ಇರಲಿ. ಮೊದಲ ಇಪ್ಪತ್ತು ನಿಮಿಷ ನೀವೂ ಮಲಗಿ.

ಮೊಬೈಲ್ ಕೊಟ್ಟರೆ ಪಾಪವಾ?

ಈ ಪ್ರಶ್ನೆ ತುಂಬ ಜನ ಕೇಳ್ತಾರೆ. ಒಬ್ಬರೇ ಇರುವ ತಾಯಿ ಸ್ನಾನ ಮಾಡಿ ಬರುವಷ್ಟು ಹೊತ್ತು ಕೊಟ್ಟರೆ ಅದಕ್ಕಾಗಿ ಅತ್ತು ಪ್ರಾರ್ಥಿಸಬೇಕಿಲ್ಲ. ದೂರದಲ್ಲಿರುವ ಅಪ್ಪನ ಜೊತೆ ವಿಡಿಯೋ ಕಾಲ್ ಬೇರೆ ವಿಷಯ, ಅದು ಮಾತುಕತೆ, ಮಾಡಿಸಿ. ಆದರೆ ಊಟಕ್ಕೆ ಮೊಬೈಲ್, ಅಳುವಿಗೆ ಮೊಬೈಲ್, ನಿದ್ದೆಗೆ ಮೊಬೈಲ್ ಆದರೆ ಮಗು ತನ್ನ ಅಳುವನ್ನು ತಾನೇ ಸಮಾಧಾನ ಮಾಡಿಕೊಳ್ಳಲು ಕಲಿಯುವುದು ಯಾವಾಗ? ನಾವು ಊಟದಿಂದ ಶುರು ಮಾಡಿದೆವು. ಮೊದಲ ನಾಲ್ಕು ದಿನ ಭಯಂಕರ ಹಟ. ಅರ್ಧ ಊಟ ನೆಲದ ಮೇಲೆ. ಎರಡನೇ ವಾರಕ್ಕೆ ತಾನೇ ಕೈಹಾಕಿ ತಿನ್ನತೊಡಗಿದ. ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸಿ ಮಾತಾಡುತ್ತಿಲ್ಲವಾದರೆ, "ಗಂಡು ಮಕ್ಕಳು ತಡವಾಗಿ ಮಾತಾಡ್ತಾರೆ" ಅಂತ ಕಾಯಬೇಡಿ. ಪ್ರಾರ್ಥನೆಯೂ ಮಾಡೋಣ, ಮಕ್ಕಳ ಡಾಕ್ಟರಿಗೂ ತೋರಿಸೋಣ.

ಎಚ್ಚರಿಕೆ

ಕೆಲಸದಲ್ಲಿ ಸೇರಿಸಿಕೊಳ್ಳುವುದು ಅಂದರೆ ಕಣ್ಣು ತೆಗೆಯುವುದಲ್ಲ. ನಮ್ಮ ಕಡೆ ಮನೆಮನೆಗೂ ಬಾವಿ. ಕಟ್ಟೆ ತಗ್ಗಾಗಿದ್ದರೆ ಇದೇ ವಾರ ಬಲೆ ಅಥವಾ ಮುಚ್ಚಳ ಹಾಕಿಸಿ. ಬಕೆಟಿನ ತಳದಲ್ಲಿ ನಿಂತ ಎರಡು ಇಂಚು ನೀರೂ ಸಣ್ಣ ಮಗುವಿಗೆ ಅಪಾಯ, ಬಚ್ಚಲಿನ ಬಾಗಿಲು ಮುಚ್ಚಿರಲಿ. ಬಿಸಿ ಗಂಜಿ, ಸ್ನಾನದ ಹಂಡೆ ಕೈಗೆಟುಕದ ಹಾಗಿರಲಿ. ಹುಣಸೆ ಬೀಜ, ಚೆನ್ನೆಮಣೆಯ ಕಾಯಿ, ಇಡೀ ಕಡಲೆಬೀಜ, ರಿಮೋಟಿನ ಗುಂಡು ಬ್ಯಾಟರಿ ಬಾಯಿಗೆ, ಮೂಗಿಗೆ ಹೋಗುವ ವಸ್ತುಗಳು. ಸಣ್ಣ ಮಕ್ಕಳ ಕೈಗೆ ಕೊಡಲೇಬೇಡಿ.

ಕೈ ಎತ್ತುವಂತಾದಾಗ

ಕೊಲೊಸ್ಸೆಯವರಿಗೆ ಬರೆದ ಪತ್ರದ 3:21ರಲ್ಲಿ ಪೌಲನು ತಂದೆಗಳಿಗೆ ಎಚ್ಚರಿಕೆ ಕೊಡುತ್ತಾನೆ, ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬೇಡಿ ಎಂಬ ಅರ್ಥದಲ್ಲಿ. ಕೋಪ ಏರಿದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ, ನೀವು ಎರಡು ನಿಮಿಷ ಬಾಗಿಲಾಚೆ ನಿಲ್ಲಿ. ನೀರು ಕುಡಿಯಿರಿ. ಅದು ಅಳಲಿ, ಎರಡು ನಿಮಿಷದ ಅಳುವಿನಿಂದ ಏನೂ ಆಗುವುದಿಲ್ಲ. ಹೊಡೆದಾಗಿದ್ದರೆ ಕ್ಷಮೆ ಕೇಳಿ. ನಾನು ಕೇಳಿದೆ. ಎರಡು ವರ್ಷದವನಿಗೆ ಅರ್ಥ ಆಗಲ್ಲ ಅಂತ ಅಂದುಕೊಂಡಿದ್ದೆ. ಅವನು ನನ್ನ ಕೆನ್ನೆ ಮುಟ್ಟಿ "ಪಪ್ಪ ಟೀ" ಅಂದ, ಚೆಲ್ಲಿದ ಟೀ ನೆನಪಾಗಿ.

ಆದರೆ ದಿನಾ ಅಳು ಬರುತ್ತಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಸಹೋದರಿಯರೇ, ಅದನ್ನು ಮುಚ್ಚಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ಡಾಕ್ಟರನ್ನು ಕಾಣುವುದು ದೇವರ ಮೇಲಿನ ಭರವಸೆ ಕಳೆದುಕೊಳ್ಳುವುದಲ್ಲ.

ಮನೆಯಲ್ಲೇ ಉಳಿದ ಹನ್ನಳು

ಪ್ರಾರ್ಥನೆಗೆ ಸಮಯ ಸಿಗುತ್ತಿಲ್ಲ ಅಂತ ಕೊರಗುವ ತಾಯಂದಿರಿಗೆ 1 ಸಮುವೇಲ 1ನೇ ಅಧ್ಯಾಯ. ಪ್ರಾರ್ಥನೆಗೆ ಹೆಸರಾದ ಸ್ತ್ರೀ ಹನ್ನಳು. ಮಗು ಹುಟ್ಟಿದ ಮೇಲೆ ಮನೆಯವರೆಲ್ಲ ವಾರ್ಷಿಕ ಯಜ್ಞಕ್ಕೆ ಹೊರಟಾಗ ಆಕೆ ಹೋಗಲಿಲ್ಲ. ಮಗು ಹಾಲು ಬಿಡುವವರೆಗೆ ಮನೆಯಲ್ಲೇ ಉಳಿದಳು. ದೇವರು ಆಕೆಯನ್ನು ಗದರಿಸಿದ ಒಂದು ಮಾತೂ ಅಲ್ಲಿಲ್ಲ. ಗಂಡ ಎಲ್ಕಾನನೂ ಅವಳಿಗೆ ಒಳ್ಳೆಯದು ಕಂಡಂತೆ ಮಾಡಲು ಬಿಟ್ಟನು. ಆ ವರ್ಷಗಳಲ್ಲಿ ಹನ್ನಳ ಮನೆಯ ನೆಲವೇ ಅವಳ ಆರಾಧನಾ ಸ್ಥಳ. ಅಕ್ಕಿ ಹೆಕ್ಕುತ್ತಾ ಮಾಡುವ ಒಂದು ಸಾಲಿನ ಪ್ರಾರ್ಥನೆಯೂ ಪ್ರಾರ್ಥನೆಯೇ.

ಈಗ ಸಹೋದರರೇ, ನಮಗೆ. "ನಾನು ದುಡಿದು ಬಂದಿದ್ದೇನೆ" ಅನ್ನಬೇಡಿ. ನಾಲ್ಕು ದಿನ ಮನೆಯಲ್ಲಿ ಮಗುವನ್ನು ನೋಡಿದವನಾಗಿ ಹೇಳ್ತೇನೆ, ಅಂಗಡಿಯ ಲೆಕ್ಕ ಇದಕ್ಕಿಂತ ಸುಲಭ. ಸಂಜೆ ಬಂದ ಕೂಡಲೇ ಅರ್ಧ ಗಂಟೆ ಮಗು ನಿಮ್ಮದು. ಶನಿವಾರ ಬೆಳಿಗ್ಗೆ ಎರಡು ಗಂಟೆ ಹೆಂಡತಿ ಎಲ್ಲಿಗೆ ಬೇಕಾದರೂ ಹೋಗಲಿ, ಮಲಗಲಿ, ಸುಮ್ಮನೆ ಕೂರಲಿ.

ಸಭೆಗೂ ಒಂದು ಪಾಲು ಇದೆ. ನಾನು ಆರಂಭದಲ್ಲಿ ಹೇಳಿದ ಸಹೋದರಿಯ ಮನೆಗೆ ಈಗ ವಾರದಲ್ಲಿ ಎರಡು ದಿನ ನಮ್ಮ ಹಿರಿಯ ಅಮ್ಮ ಒಬ್ಬರು ಹೋಗುತ್ತಾರೆ. ಒಂದೇ ಗಂಟೆ. ಉಪದೇಶ ಮಾಡುವುದಿಲ್ಲ. ಮಗುವಿನ ಜೊತೆ ಜಗಲಿಯಲ್ಲಿ ಕೂತು ತೆಂಗಿನ ಗರಿಯಲ್ಲಿ ವಾಚು, ಪೀಪಿ ಮಾಡಿ ಕೊಡುತ್ತಾರೆ. ಹೋದ ವಾರ ಆ ಸಹೋದರಿ ನನ್ನ ಹತ್ತಿರ ಬಂದು, "ಪಾಸ್ಟರ್, ಮಗ ಬದಲಾಗಿಲ್ಲ, ಹಾಗೇ ಓಡ್ತಾನೆ. ಆದ್ರೆ ನಾನು ಒಬ್ಬಳೇ ಅಲ್ಲ ಈಗ" ಅಂದರು.

ಈ ವಾರಕ್ಕೆ ಮೂರೇ ಕೆಲಸ. ಒಂದು, ಬೆಳಿಗ್ಗೆ ಟಿವಿಗೆ ಮುಂಚೆ ಅರ್ಧ ಗಂಟೆ ಓಟ. ಎರಡು, ದಿನಕ್ಕೊಂದು ಮನೆಗೆಲಸದಲ್ಲಿ ಮಗುವಿಗೆ ಪಾಲು. ಮೂರು, ಪುಟ್ಟ ಮಗು ಇರುವ ಒಂದು ಮನೆಗೆ ಫೋನ್ ಮಾಡಿ, "ನಾನು ಒಂದು ಗಂಟೆ ಬರಲಾ?" ಅಂತ ಕೇಳಿ.

ಮುಂದಿನ ಸಲ ಅಂಗಿ ಎಳೆದು "ಬಾ" ಅಂದಾಗ ನೆನಪಿರಲಿ, ಆ ಕೈ ತುಂಬ ವರ್ಷ ಎಳೆಯುವುದಿಲ್ಲ.

ಪ್ರಾರ್ಥಿಸೋಣ. ಕರ್ತನೇ, ದಣಿದ ತಾಯಂದಿರಿಗೆ ಬಲ ಕೊಡು, ತಂದೆಗಳಿಗೆ ತಾಳ್ಮೆ ಕೊಡು, ನಮ್ಮ ಮಕ್ಕಳನ್ನು ಬಾವಿಯಿಂದ, ಬೆಂಕಿಯಿಂದ, ನಮ್ಮ ಕೋಪದಿಂದಲೂ ಕಾಪಾಡು. ಆಮೆನ್.